ಚಾಟ್ ಶುರು ಮಾಡಿ, ಬಾಟ್ ಸದ್ಯಕ್ಕೆ ಬೇಡ

ಗ್ರಂಥಾಲಯದ ಓದುಗರಿಗೆ 24 ಗಂಟೆ ತಾನಾಗೇ ಉತ್ತರ ಕೊಡೋ ಚಾಟ್‌ಬಾಟ್ ಸಾಫ್ಟ್‌ವೇರ್ ಯಾವುದು ಒಳ್ಳೆಯದು ಅಂತ ಕೇಳಿದ್ದೀರಿ. ನಾನೂ ಹೀಗೇ ಸಾಫ್ಟ್‌ವೇರ್ ಹುಡುಕುತ್ತಾ ಕೂತಿದ್ದೆ.

ಆಗ ನಾನಿದ್ದದ್ದು ತಾಲ್ಲೂಕು ಕೇಂದ್ರದ ಒಂದು ಸಾರ್ವಜನಿಕ ಗ್ರಂಥಾಲಯದಲ್ಲಿ. ಕೊನೆಗೆ ಪುಕ್ಕಟೆ ಸಿಗುವ ವಾಟ್ಸಾಪ್ ಬಿಸಿನೆಸ್ ಹಾಕಿಕೊಂಡು ನಂಬರನ್ನು ಬಾಗಿಲಿಗೆ ಅಂಟಿಸಿದೆ. ಕೇಳುವವರೆಲ್ಲ ಹೆಚ್ಚಾಗಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಮಕ್ಕಳು. ಕೌಂಟರ್ ಮುಂದೆ ಜನ ನಿಂತಿರುತ್ತಿದ್ದರು, ಬೇಗ ಉತ್ತರ ಹೋಗಲಿ ಅಂತ 'ಇದೆ', 'ಇಲ್ಲ' ಎಂದು ಕ್ವಿಕ್ ರಿಪ್ಲೈ, ಅಂದರೆ ಒತ್ತಿದರೆ ಹೋಗುವ ಸಿದ್ಧ ಉತ್ತರ, ಮಾಡಿಟ್ಟುಕೊಂಡೆ. ಎಡವಿದ್ದು ಅಲ್ಲೇ.

ಹಳ್ಳಿಯಿಂದ ಒಬ್ಬ ಹುಡುಗಿ "ಸಂವಿಧಾನದ ಪುಸ್ತಕ ಇದೆಯಾ ಸಾರ್?" ಅಂತ ಕೇಳಿದಳು. ರಿಜಿಸ್ಟರ್‌ನಲ್ಲಿತ್ತು. 'ಇದೆ' ಒತ್ತಿದೆ. ಮರುದಿನ ಕೆಲಸಕ್ಕೆ ರಜೆ ಹಾಕಿ, ಬಸ್ ಬದಲಿಸಿ ಬಂದಳು. ಎರವಲು ಪ್ರತಿ ಬೇರೆಯವರ ಹತ್ತಿರ ಇತ್ತು. ಉಳಿದದ್ದು ಪರಾಮರ್ಶನ ವಿಭಾಗದ್ದು, ಮನೆಗೆ ಕೊಡುವ ಹಾಗಿಲ್ಲ. ಅದೂ ಹಳೆಯ ಮುದ್ರಣ, 2016ರ ಜಿಎಸ್‌ಟಿ ತಿದ್ದುಪಡಿಯೇ ಅದರಲ್ಲಿಲ್ಲ. ಹುಡುಗಿ ಬೈಯಲಿಲ್ಲ. ಹಾಳೆ ತಿರುವಿ ನೋಡಿ ಪುಸ್ತಕ ಮೇಜಿನ ಮೇಲಿಟ್ಟು, ವಾಪಸ್ ಬಸ್ ಎಷ್ಟು ಹೊತ್ತಿಗೆ ಅಂತ ಕೇಳಿದಳು.

ಕೌಂಟರ್‌ಗೆ ಬಂದು ಕೇಳಿದ್ದರೆ "ಯಾವ ಪರೀಕ್ಷೆಗಮ್ಮ?" ಅನ್ನೋ ಮಾತು ತಾನಾಗಿ ಬರುತ್ತಿತ್ತು. ಚಾಟ್‌ನಲ್ಲಿ ಅದು ಬರಲಿಲ್ಲ. ಯಾತಕ್ಕೆ ಬೇಕು, ಮನೆಗೆ ಒಯ್ತೀರಾ ಇಲ್ಲೇ ಓದ್ತೀರಾ, ಯಾವತ್ತು ಬರ್ತೀರಾ ಅಂತ ನಾನು ಕೇಳಲೇ ಇಲ್ಲ. ಎದ್ದು ಹೋಗಿ ಕಪಾಟು ನೋಡಲಿಲ್ಲ. ನೋಡಿದ್ದರೆ ಎರಡೇ ನಿಮಿಷದ ಕೆಲಸ. ಪುಸ್ತಕ ಇದ್ದರೆ ಹೆಸರು ಬರೆದ ಚೀಟಿ ಸಿಕ್ಕಿಸಿ ತೆಗೆದಿಡಬಹುದಿತ್ತು. ಇಲ್ಲದಿದ್ದರೆ ಬರಬೇಡಿ ಅನ್ನಬಹುದಿತ್ತು. ಸುದ್ದಿ ಅವಳ ಕೋಚಿಂಗ್ ಕ್ಲಾಸಿಗೆಲ್ಲ ಹರಡಿತು. ಮೆಸೇಜ್ ಬರುವುದು ಕಡಿಮೆಯಾಗಿ, ಕೊನೆಗೆ ಸೇವೆಯೇ ನಿಂತುಹೋಯಿತು.

ಅದಕ್ಕೇ ಹೇಳ್ತೀನಿ, ಬಾಟ್‌ನಿಂದ ಶುರು ಮಾಡಬೇಡಿ. ಬಾಗಿಲು ತೆರೆಯುವ ಹೊತ್ತು, ಸದಸ್ಯತ್ವದ ಠೇವಣಿ ಇಂಥದ್ದನ್ನು ಅದು ಹೇಳಬಹುದು. ಕಪಾಟಿನ ಹತ್ತಿರ ಹೋಗಿ ನೋಡುವವರು ನಾವೇ ಅಲ್ವಾ? ಓದುಗರ ಸಮಯ ಉಳಿಸಿ ಅನ್ನೋದು ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ 1931ರಲ್ಲಿ ಗ್ರಂಥಾಲಯಗಳಿಗೆ ಕೊಟ್ಟ ಐದು ಸೂತ್ರಗಳಲ್ಲಿ ನಾಲ್ಕನೆಯದು. ನಾನು ಆ ಹುಡುಗಿಯ ಒಂದಿಡೀ ದಿನ ಹಾಳು ಮಾಡಿದೆ.

24 ಗಂಟೆಯ ಆಸೆಯನ್ನೂ ಬಿಡಿ. ಅಮೆರಿಕದಲ್ಲಿ 2002ರಲ್ಲಿ ಶುರುವಾದ, ಗ್ರಂಥಾಲಯಗಳು ಸೇರಿ ಆನ್‌ಲೈನ್‌ನಲ್ಲಿ ಓದುಗರಿಗೆ ಉತ್ತರ ಕೊಡುತ್ತಿದ್ದ ಕ್ವೆಶ್ಚನ್‌ಪಾಯಿಂಟ್ ಸೇವೆಯಲ್ಲಿ ಹಗಲು ರಾತ್ರಿ ಚಾಟ್ ನಡೆಸಲು ಎಷ್ಟೋ ಗ್ರಂಥಾಲಯಗಳು ಪಾಳಿ ಹಂಚಿಕೊಳ್ಳಬೇಕಾಯಿತು. ಒಂದೇ ಗ್ರಂಥಾಲಯಕ್ಕೆ ಅದು ಆಗದ ಮಾತು. ಬೇರೆ ಊರಿಗೆ ವರ್ಗವಾದ ಮೇಲೆ ನಾನು ಸಂಜೆ 4ರಿಂದ 6ರವರೆಗೆ ಮಾತ್ರ ಇಟ್ಟೆ. ಆ ಹೊತ್ತು ಕೌಂಟರ್‌ಗೆ ಬೇರೆಯವರು. ಇದು ನಡೆಯಿತು.

ಇನ್ನೊಂದು, ವಾಟ್ಸಾಪ್ ಗ್ರೂಪ್ ಮಾತ್ರ ಮಾಡಲೇಬೇಡಿ. ಒಬ್ಬರ ನಂಬರ್ ಎಲ್ಲರಿಗೂ ಸಿಗುತ್ತದೆ. ವಿಚ್ಛೇದನದ ಕಾನೂನು ಪುಸ್ತಕ ಬೇಕಾದ ಹೆಣ್ಣುಮಗಳು ಊರವರೆಲ್ಲ ಇರೋ ಗ್ರೂಪಿನಲ್ಲಿ ಹೇಗೆ ಕೇಳುತ್ತಾಳೆ?