ಮನೆಯಲ್ಲೇ ಕ್ಯಾನ್ಸರ್ ಪರೀಕ್ಷೆ: ಸಂಶೋಧನೆಗೆ ದುಡ್ಡು ಹಾಕುವುದು ದಂಡವೇ?

ಮನೆಯಲ್ಲೇ ಕ್ಯಾನ್ಸರ್ ಪರೀಕ್ಷೆ ಮಾಡುವ ಕಿಟ್‌ಗಳ ಸಂಶೋಧನೆಗೆ ದುಡ್ಡು ಸುರಿಯುವ ಬದಲು ಆಸ್ಪತ್ರೆ ಕಟ್ಟಬಾರದಾ ಅಂತ ಕೇಳಿದ್ದೀರಿ. ನಾನು ಲ್ಯಾಬ್ ಟೆಕ್ನೀಷಿಯನ್. ಮನೆಗಳಿಂದ ಬರುವ ಮಲದ ಸ್ಯಾಂಪಲ್‌ಗಳ ಜೊತೆಗೇ ನನ್ನ ದಿನ ಕಳೆಯುತ್ತದೆ. ದುಡ್ಡು ಹಾಕಲೇಬೇಕು ಅನ್ನುವವನು ನಾನು. ಎಲ್ಲಿ ಹಾಕಬೇಕು ಅನ್ನುವುದರಲ್ಲಿ ಮಾತ್ರ ತಕರಾರಿದೆ.

ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಫಿಟ್ ಅಂತ ಒಂದು ಪರೀಕ್ಷೆ ಇದೆ. ಮಲದಲ್ಲಿ ಕಣ್ಣಿಗೆ ಕಾಣದಷ್ಟು ರಕ್ತ ಇದ್ದರೂ ಹಿಡಿಯುತ್ತದೆ. ಪುಟ್ಟ ಬಾಟಲಿ, ಮುಚ್ಚಳಕ್ಕೇ ಅಂಟಿದ ಕಡ್ಡಿ, ಕಡ್ಡಿಯ ತುದಿಯಲ್ಲಿ ಗೀರುಗಳು. ಆ ಗೀರು ತುಂಬಿದರೆ ಸಾಕು. ಆದರೆ ಜಾಸ್ತಿ ಇದ್ದರೆ ಒಳ್ಳೆಯದು ಅಂತ ಮೆತ್ತಿ ಕಳಿಸುವವರಿದ್ದಾರೆ. ಕೆಲವರು ತಾರೀಕೇ ಬರೆದಿರುವುದಿಲ್ಲ. ಸ್ಯಾಂಪಲ್ ಎಷ್ಟು ಹಳೆಯದು ಅಂತ ತಿಳಿಯದೆ ಪರೀಕ್ಷೆ ಮಾಡುವ ಹಾಗಿಲ್ಲ. ಬಿಸಿಗೆ ಹಿಮೋಗ್ಲೋಬಿನ್ ಕೆಟ್ಟರೆ ರಕ್ತ ಇದ್ದೂ ಇಲ್ಲ ಅಂತ ಬರಬಹುದು. ನಾಚಿಕೆ ಬಿಟ್ಟು ಸ್ಯಾಂಪಲ್ ತೆಗೆದವರಿಗೆ "ಇನ್ನೊಂದು ಸಲ ಕಳಿಸಿ" ಅಂತ ಚೀಟಿ ಹೋಗುತ್ತದೆ. ಮತ್ತೆ ಯಾರು ಕಳಿಸುತ್ತಾರೆ ಹೇಳಿ?

ಆ ತಾರೀಕಿನ ಗೋಳು ತಪ್ಪಿಸುವುದೂ ಸಂಶೋಧನೆಯೇ. ಹೊಸ ಸೆನ್ಸರ್ ಅಂದಾಗ ನೆಟ್ಟಗಾಗುವ ಕಿವಿಗಳು ಇದಕ್ಕೆ ಆಗುವುದಿಲ್ಲ, ಅಷ್ಟೇ.

ಹೊಸದು ಬೇಡ ಅಂತಲ್ಲ. 2014ರಲ್ಲಿ ಸುಮಾರು 10,000 ಜನರ ಅಧ್ಯಯನವೊಂದು ಪ್ರಕಟವಾಯಿತು. ಅದರಲ್ಲಿ ಮಲದ ಡಿಎನ್‌ಎ ಪರೀಕ್ಷೆ 100ಕ್ಕೆ 92 ಕ್ಯಾನ್ಸರ್ ಹಿಡಿಯಿತು, ಫಿಟ್ 74. ಆದರೆ ಕ್ಯಾನ್ಸರ್ ಆಗಲಿ, ಅದರ ಮುಂಚಿನ ಅಪಾಯದ ಗಡ್ಡೆಯಾಗಲಿ ಇಲ್ಲದವರಲ್ಲೂ 100ಕ್ಕೆ 13 ಮಂದಿಗೆ ಪಾಸಿಟಿವ್ ಬಂತು. ಫಿಟ್‌ನಲ್ಲಿ ಅದು 5. ಪಾಸಿಟಿವ್ ಬಂದವರಿಗೆಲ್ಲ ಕೊಲೊನೋಸ್ಕೋಪಿ, ಅಂದರೆ ಕ್ಯಾಮೆರಾ ಇರುವ ಕೊಳವೆ ಹಾಕಿ ದೊಡ್ಡ ಕರುಳನ್ನು ನೋಡುವ ಪರೀಕ್ಷೆ, ಆಗಬೇಕು. ಅದು ಮನೆಯಲ್ಲಿ ಆಗುವ ಕೆಲಸ ಅಲ್ವಲ್ಲ! ಅಲ್ಲಿಗೆ ನಿಮ್ಮ ಆಸ್ಪತ್ರೆ ಮಾತು ಸರಿಯೇ. ಪಾಸಿಟಿವ್ ಬಂದವರು ಎಲ್ಲಿಗೆ ಹೋಗಬೇಕು ಅಂತ ಬರೆಯದ ಯೋಜನೆಗೆ ನಾನಾದರೆ ಬಿಡಿಗಾಸೂ ಕೊಡುವುದಿಲ್ಲ.

ಗರ್ಭಕಂಠದ ಕ್ಯಾನ್ಸರ್‌ನದು ಸ್ವಲ್ಪ ಸಲೀಸು. ಹೆಂಗಸರು ತಾವೇ ತೆಗೆದ ಸ್ಯಾಂಪಲ್‌ಗೆ ಪಿಸಿಆರ್ (ವೈರಸ್‌ನ ಡಿಎನ್‌ಎಯನ್ನು ನಕಲು ಮಾಡಿ ಹೆಚ್ಚಿಸಿ ಹುಡುಕುವ) ವಿಧಾನದಲ್ಲಿ ಈ ಕ್ಯಾನ್ಸರ್ ತರುವ ಎಚ್‌ಪಿವಿ ವೈರಸ್‌ನ ಪರೀಕ್ಷೆ ಮಾಡಿದರೆ, ಡಾಕ್ಟರ್ ತೆಗೆದದ್ದಕ್ಕೆ ಹೆಚ್ಚುಕಡಿಮೆ ಸಮನಾಗಿಯೇ ಕೆಲಸ ಮಾಡುತ್ತದೆ.

ಪರೀಕ್ಷೆ ಆಯಿತು, ಇನ್ನು ಕ್ಯಾನ್ಸರ್ ಬಂದವರು ಮನೆಯಲ್ಲಿದ್ದಾಗಿನ ಆರೈಕೆ. ಹರಡಿದ ಕ್ಯಾನ್ಸರ್‌ಗೆ ಕೀಮೋ ತೆಗೆದುಕೊಳ್ಳುತ್ತಿದ್ದ 766 ಜನರ ಅಧ್ಯಯನದ ಫಲಿತಾಂಶ 2017ರಲ್ಲಿ ಬಂತು. ಒಂದು ಗುಂಪಿನವರು ನೋವು, ವಾಂತಿ, ಸುಸ್ತು ಮುಂತಾದ 12 ತೊಂದರೆಗಳನ್ನು ಆನ್‌ಲೈನ್‌ನಲ್ಲಿ ತುಂಬುತ್ತಿದ್ದರು, ಮನೆಯಿಂದಲೂ ಸಹ. ಜೋರಾದರೆ ನರ್ಸ್‌ಗೆ ಇಮೇಲ್ ಹೋಗುತ್ತಿತ್ತು. ಆ ಗುಂಪು ಬದುಕಿದ್ದು ಮಧ್ಯಾಂಕದ ಲೆಕ್ಕದಲ್ಲಿ (ಅರ್ಧ ಜನ ಅದಕ್ಕಿಂತ ಹೆಚ್ಚು, ಅರ್ಧ ಜನ ಕಡಿಮೆ) 31.2 ತಿಂಗಳು, ಮಾಮೂಲಿ ಆರೈಕೆಯವರು 26. ಇದರಲ್ಲಿ ಹೊಸ ಯಂತ್ರ ಏನಿತ್ತು? ಹನ್ನೆರಡು ಪ್ರಶ್ನೆ, ಇಮೇಲ್ ತೆರೆದು ಫೋನ್ ಮಾಡುವ ನರ್ಸ್. ಇಂಥ ಯೋಜನೆಗೆ ಯಾರಾದರೂ ದುಡ್ಡು ಕೇಳಿಕೊಂಡು ಬಂದರೆ, ಆ ನರ್ಸ್ ಸಂಬಳ ಎಷ್ಟು ವರ್ಷಕ್ಕೆ ಇಟ್ಟಿದ್ದಾರೆ ಅಂತ ಮೊದಲು ನೋಡಿ.