ಮೊದ್ಲು ಕಾಲು ನೋಡ್ತೀನಿ, ಆಮ್ಯಾಲ ಮುಖ

"ಸೂಪರ್‌ಹೀರೋಯಿನ್ ಚಿತ್ರ, ಕತ್ತಿ ಹಿಡಿದ ಹುಡುಗೀರ ಫ್ಯಾಂಟಸಿ ಪೇಂಟಿಂಗ್ ಇಷ್ಟಪಡೋರು ಅದ್ರಲ್ಲಿ ಅಂಥದ್ದೇನ್ ನೋಡ್ತೀರಾ, ಅರ್ಧಂಬರ್ಧ ಬಟ್ಟೆ ಬಿಟ್ರೆ ಏನಿದೆ" ಅಂತ ಕೇಳೀರಿ. ಕೇಳಿದ್ದ ಧಾಟಿ ಜರಾ ಚುಚ್ಚೋಹಂಗ ಅದ, ಇರ್ಲಿ ಬಿಡ್ರಿ, ನಾನೂ ಹೆಣ್ಮಗಳೇ, ಕಲಬುರಗಿಯಾಕಿ, ಡಿಟಿಪಿ ಕೆಲ್ಸ ಮಾಡ್ತೀನಿ, ಫೋನಿನಾಗ ಇಂಥ ಚಿತ್ರ ಕಡಿಮಿ ಅಂದ್ರೂ ಎರಡು ಸಾವಿರ ಇಟ್ಕೊಂಡೀನಿ, ಹಂಗಾಗಿ ಹೇಳ್ತೀನಿ. ನಾ ನೋಡೋದು ಕಾಲು. ಮೊದ್ಲು ಕಾಲು, ಆಮ್ಯಾಲ ಕೈ, ಕಡೀಕ ಮುಖ. ನಗಬ್ಯಾಡ್ರಿ, ಖರೇನೇ. ಆಕಿ ನೆಲದ ಮ್ಯಾಲ ನಿಂತಾಳೋ ಇಲ್ಲಾ ಸುಮ್ನ ಹಾಳಿಗೆ ಅಂಟಿಸ್ಯಾರೋ ಅಂತ ಕಾಲು ನೋಡಿದ್ರ ತಿಳೀತದ.

ಈ ಚಟ ಹತ್ತಿದ್ದು ಅಪ್ಪನ ಅಂಗಡ್ಯಾಗ. ನಮ್ಮದು ಫೋಟೊ ಫ್ರೇಮ್ ಕಟ್ಟೋ ಅಂಗಡಿ ಇತ್ತು, ಸೂಪರ್ ಮಾರ್ಕೆಟ್ ಕಡಿ ಒಂದು ಸಣ್ಣ ಓಣ್ಯಾಗ. ಜನವರಿ ಬಂತಂದ್ರ ಮಂದಿ ಹಳಿ ಕ್ಯಾಲೆಂಡರ್ ಸುತ್ಕೊಂಡು ಬರ್ತಿದ್ರು, ದೇವ್ರ ಚಿತ್ರ ಕಸಕ್ಕ ಒಗೀಲಿಕ್ಕ ಬರಂಗಿಲ್ಲಲ್ಲ, ಕಟ್ಟಿಸಿ ಜಗಲಿ ಮ್ಯಾಲ ಇಡೋದು. ಅಪ್ಪ ಮೊದ್ಲು ಮ್ಯಾಲಿನ ತಗಡಿನ ಪಟ್ಟಿ ಇಕ್ಕಳದಿಂದ ಬಿಚ್ಚಾಂವ, ಆಮ್ಯಾಲ ತಾರೀಖಿನ ಹಾಳಿ, ಅದ್ರ ಮ್ಯಾಲಿರೋ ಕಿರಾಣಿ ಅಂಗಡಿ ಹೆಸ್ರು ಎಲ್ಲಾ ಸ್ಕೇಲ್ ಹಚ್ಚಿ ಬ್ಲೇಡಿಲೆ ಕೊಯ್ಯಾಂವ, ಹಾರ್ಡ್‌ಬೋರ್ಡಿಗೆ ಮೈದಾ ಅಂಟು ಬಳ್ದು ಚಿತ್ರ ಇಟ್ಟು ಅರಿವಿ ತಗೊಂಡು ನಡುವಿನಿಂದ ಅಂಚಿಗೆ ತೀಡಾಂವ, ಗುಳ್ಳಿ ಏಳಬಾರ್ದು ಅಂತ. ಗಿರಾಕಿಗೆ ಸಣ್ಣ ಫ್ರೇಮೇ ಬೇಕಾಗಿರ್ತಿತ್ತು, ರೊಕ್ಕ ಕಡಿಮಿ ಆಗ್ತದಲ್ಲ, ಚಿತ್ರ ದೊಡ್ಡದಿರ್ತಿತ್ತು, ಅಂದ್ರ ಎಲ್ಲೋ ಒಂದ್ಕಡಿ ಕೊಯ್ಯಲೇಬೇಕು. ಅಪ್ಪ ಆಕಾಶ ಕೊಯ್ಯಾಂವ, ಗುಡ್ಡ ಕೊಯ್ಯಾಂವ, ಕಿರೀಟದ ತುದಿ ಸೈತ ಒಂದ್ನೂಲು ಕೊಯ್ದಿದ್ದು ನೋಡೀನಿ. ಪಾದ ಮಾತ್ರ ಎಂದೂ ಮುಟ್ಟಿಲ್ಲ. ಒಂದ್ಸಲ ಯಾರೋ ಜಗಳಕ್ಕೇ ಬಿದ್ರು, ಕೆಳಗ ಕೊಯ್ರಿ ಮ್ಯಾಲ ಬ್ಯಾಡ ಅಂತ. ಅಪ್ಪ ಅಂದ, ಪಾದ ಕೊಯ್ದ್ರ ದೇವಿ ನಿಂತಂಗ ಕಾಣಂಗಿಲ್ರಿ, ತೇಲಿದಂಗ ಕಾಣ್ತಾಳ, ಬೇಕಾದ್ರ ಒಂದಿಂಚು ದೊಡ್ಡ ಫ್ರೇಮ್ ಹಾಕ್ತೀನಿ, ಹೆಚ್ಚಿಂದು ರೊಕ್ಕ ಬ್ಯಾಡ. ನಾ ಅಲ್ಲೇ ಕಟ್ಟಿಗಿ ಚೂರು ಆರಿಸ್ಲಾಕತ್ತಿದ್ದೆ, ಆರನೇತ್ತಾ ಇದ್ದೆ ಅನ್ನಸ್ತದ.

ಆ ಕ್ಯಾಲೆಂಡರಿನಾಗ ಕೆಲವು ಚಿತ್ರ ಅಪ್ಪ ಬ್ಯಾರೆ ಎತ್ತಿಡಾಂವ. ಎಸ್.ಎಂ. ಪಂಡಿತರವು. ಕಲಬುರಗಿ ಮಂದಿಗೆ ಈ ಹೆಸ್ರು ಗೊತ್ತದ, ಖರೇ, ಆದ್ರ ರಂಗಮಂದಿರದ ಹೆಸ್ರಾಗಿ ಗೊತ್ತದ, ಸಾಲಿ ಗ್ಯಾದರಿಂಗ್ ಎಲ್ಲಿ ಅಂದ್ರ ಪಂಡಿತ ರಂಗಮಂದಿರದಾಗ ಅಂತೀವಿ, ಪಂಡಿತ ಯಾರು ಅಂತ ಯಾರೂ ಕೇಳಂಗಿಲ್ಲ. 1916ರಾಗ ಇದೇ ಊರಾಗ ಹುಟ್ಟಿ, ಮುಂಬೈಗೆ ಹೋಗಿ, ಅಲ್ಲಿ ಎಂಜಿಎಂ ಅನ್ನೋ ಹಾಲಿವುಡ್ ಕಂಪನಿ ಸಿನಿಮಾಗಳ ಶೋಕಾರ್ಡ್ (ಟಾಕೀಸಿನಾಗ ಹಚ್ಚೋ ಚಿತ್ರ) ಬರೆದು, ಸಿನಿಮಾ ಪತ್ರಿಕೆಗಳ ಮುಖಪುಟ ಬರೆದು, ಆಮ್ಯಾಲ ಪುರಾಣದ ಚಿತ್ರಕ್ಕ ಬಂದಾಂವ, 1993ರಾಗ ತೀರ್ಕೊಂಡ. ಹಾಲಿವುಡ್ ಪೋಸ್ಟರಿನ ಬೆಳಕು ಅದಲ್ರಿ, ಬಾಜೂದಿಂದ ಬೀಳೋ ಬೆಳಕು, ತೋಳಿನ ಉಬ್ಬು, ಗಾಳಿಗೆ ಹಾರೋ ಸೆರಗು, ಅದನ್ನೆಲ್ಲ ತಂದು ನಮ್ಮ ದೇವ್ರು ದೇವತೇರಿಗೆ ಕೊಟ್ಟಾಂವ. ನೀವು ಅಮೇರಿಕಾದವ್ರ ಫ್ಯಾಂಟಸಿ ಆರ್ಟ್ ಅಂತೀರಲ್ಲ, ನಂಗ ಅದು ಮೊದ್ಲ ಸಲ ನೋಡಿದಾಗ ಹೊಸಾದು ಅನ್ನಿಸ್ಲೇ ಇಲ್ಲ. ಹುಲಿ ಮ್ಯಾಲ ಕುಂತ ಹೆಣ್ಮಗಳು, ಕೈಯಾಗ ಆಯುಧ, ಹಿಂದ ಮೋಡ, ಕಾಲಾಗ ಬಿದ್ದ ರಾಕ್ಷಸ. ಇದು ನಮ್ಮ ಅಂಗಡ್ಯಾಗ ಹನ್ನೆರಡು ಬೈ ಹದಿನಾರು ಸೈಜಿನಾಗ ಗ್ವಾಡಿ ತುಂಬಾ ಇತ್ತಲ್ರಿ.

ವಂಡರ್ ವುಮನ್ ಗುರ್ತಾಗಿದ್ದು ರದ್ದಿ ಅಂಗಡ್ಯಾಗಿನ ಇಂಗ್ಲಿಷ್ ಕಾಮಿಕ್ಸಿನಾಗ, ಮುಖಪುಟ ಹರಿದಿತ್ತು. ಆಕಿ ಬಂದಿದ್ದು 1941ರಾಗ. ಹುಟ್ಟಿಸಿದಾಂವ ವಿಲಿಯಂ ಮೌಲ್ಟನ್ ಮಾರ್ಸ್ಟನ್ ಅಂತ ಮನಶ್ಶಾಸ್ತ್ರಜ್ಞ, ಬಿಪಿ ಏರೋದು ನೋಡಿ ಸುಳ್ಳು ಹಿಡಿಯೋ ಪರೀಕ್ಷಾ ಮಾಡಿದಾಂವ, ಇನ್ನ ಆಕಿ ಹಗ್ಗದಾಗ ಸಿಕ್ಕವ್ರು ಯಾಕ ಖರೇನೇ ಹೇಳ್ತಾರ ಅಂತ ನೀವೇ ತಿಳ್ಕೋರಿ. ಚಿತ್ರ ಬರ್ದಾಂವ ಎಚ್.ಜಿ. ಪೀಟರ್, ಆಗ್ಲೇ ಅರವತ್ತು ದಾಟಿದ್ದ ಮುದುಕ. ನಂಗ ಮನಸ್ಸಿಗೆ ಹತ್ತಿದ್ದು ಆಕಿ ಕೈಯಾಗಿನ ಬಳಿ. ಮಾರ್ಸ್ಟನ್ ಮನ್ಯಾಗ ಇದ್ದ ಆಲಿವ್ ಬರ್ನ್ ಅನ್ನೋ ಹೆಣ್ಮಗಳು ಎರಡೂ ಕೈಗೆ ದಪ್ಪ ಬಳಿ ಹಾಕ್ತಿದ್ಳು, ಅದನ್ನೇ ನೋಡಿ ವಂಡರ್ ವುಮನ್ ಕೈಗೂ ಬಂತು, ಗುಂಡು ಹಾರಿಸಿದ್ರ ಆಕಿ ಬಳಿ ಅಡ್ಡ ಹಿಡೀತಾಳ, ಠಣ್ ಅಂತ ಗುಂಡು ಹೊಳ್ಳಿ ಹೋಗ್ತದ. ನಮ್ಮಲ್ಲಿ ಗಂಡಸ್ರು ಜಗಳಕ್ಕ ನಿಂತ್ರ ಏನಂತಾರ? "ನಾ ಏನ್ ಕೈಗೆ ಬಳಿ ಹಾಕ್ಕೊಂಡು ಕುಂತೀನೇನ್ಲೇ" ಅಂತಾರ. ಹಾಕ್ಕೊಂಡು ನೋಡಪಾ ಮಾರಾಯ, ಗುಂಡು ತಡೀತದ ಅಂತ ನಂಗ ಒಳಗೇ ನಗು ಬರ್ತದ. ನಮ್ಮ ಕಾಕಾಗ ಒಮ್ಮೆ ಅಂದೂಬಿಟ್ಟೀನಿ, ಎರಡು ದಿನ ಮಾತಾಡ್ಲಿಲ್ಲ.

ಈಗ ನಿಮ್ಮ ಬಟ್ಟಿ ವಿಷಯಕ್ಕ ಬರ್ತೀನಿ. ನೀವು ಹೇಳೋದು ಪೂರಾ ಸುಳ್ಳಲ್ಲ, ಇದನ್ನ ಒಪ್ಕೊಳ್ಳದಿದ್ರ ನಾ ಸುಳ್ಳಿ ಆಗ್ತೀನಿ. ಕಾಮಿಕ್ಸಿನಾಗ ಒಂದು ಪೋಸ್ ಅದ, ಹುಡುಗಿ ಎದಿನೂ ನಿಮ್ಮ ಕಡಿ, ಹಿಂಭಾಗನೂ ನಿಮ್ಮ ಕಡಿ, ನಡುವ ಬೆನ್ನುಮೂಳಿ ಎಲ್ಲಿ ಹೋತೋ ಆ ಶರಣಬಸಪ್ಪಗೇ ಗೊತ್ತು. ಕನ್ನಡಿ ಮುಂದ ನಿಂತು ಮಾಡ್ಲಿಕ್ಕ ನೋಡೀನಿ, ಸೊಂಟ ಹಿಡ್ಕೊಂಡು ಅಮೃತಾಂಜನ್ ಹಚ್ಚಬೇಕಾತು. 2012ರಾಗ ಕೆಲವು ಆರ್ಟಿಸ್ಟ್‌ಗಳು ಸೇರಿ ಅದೇ ಪೋಸಿನಾಗ ಹಾಕ್ಐ ಅನ್ನೋ ಗಂಡ್ ಹೀರೋನ್ನ ಬರೆದು ಹಾಕ್ಲಾಕತ್ರು, ಬಿಲ್ಲು ಹಿಡ್ಕೊಂಡು ಸೊಂಟ ತಿರುವಿ ತುಟಿ ಉಬ್ಬಿಸ್ಕೊಂಡು ನಿಂತಾನ, ಅದನ್ನ ನೋಡಿದ್ರ ಯಾರಿಗೂ ಬಿಡಿಸಿ ಹೇಳೋದೇ ಬ್ಯಾಡ. ಆ ಪೋಸಿನ ಚಿತ್ರದಾಗ ಬೇಕಾದ್ರ ಕಾಲು ನೋಡ್ರಿ, ಬೆರಳ ತುದಿ ಮ್ಯಾಲ ಇರ್ತಾಳ, ಇಲ್ಲಾ ಕಾಲೇ ಇರಂಗಿಲ್ಲ, ಹೊಗಿ, ಕಲ್ಲು, ಹುಲ್ಲು ಏನರ ಅಡ್ಡ ಬಂದಿರ್ತದ. ಕಾಲು ಬರ್ಯೋದು ಕಷ್ಟ, ಅದಕ್ಕ ಮುಚ್ಚಿಬಿಡ್ತಾರ. ಈಗಿನ ಎಐ ಚಿತ್ರನೂ ಹಂಗೇ, ನಮ್ಮ ಡಿಟಿಪಿ ಅಂಗಡಿಗೆ ಹುಡುಗ್ರು ತರ್ತಾರಲ್ಲ ಬರ್ತ್‌ಡೇ ಬ್ಯಾನರಿಗೆ ಅಂತ, ರಾಣಿ ವೇಷದಾಗ ಹುಡುಗಿ ಮುಖ ಕೂಡ್ಸಿ, ಮೊಣಕಾಲ ಕೆಳಗ ಬರೇ ಮಂಜು. ಕಲಬುರಗ್ಯಾಗ ಎಲ್ಲಿ ಮಂಜು ಬೀಳ್ತದ್ರಿ.

ಇನ್ನ ರೆಡ್ ಸೋನಿಯಾ. ಕೆಂಪು ಕೂದಲಿನ ಕತ್ತಿವೀರಳು, ನಂಗ ಭಾಳ ಪಸಂದ್, ಭಾಳ ಸಿಟ್ಟೂ ಬರ್ತದ. ರಾಬರ್ಟ್ ಹೋವರ್ಡ್ 1934ರಾಗ ಬರೆದ ಕಥಿಯೊಳಗ ಆಕಿ ಹದಿನಾರನೇ ಶತಮಾನದ ಯುದ್ಧದಾಗ ಇರ್ತಾಳ, ಮೈತುಂಬ ಬಟ್ಟಿ, ಸೊಂಟಕ್ಕ ಪಿಸ್ತೂಲು, ಕುಡೀತಾಳ, ಬೈತಾಳ. 1973ಕ್ಕ ರಾಯ್ ಥಾಮಸ್, ಬ್ಯಾರಿ ವಿಂಡ್ಸರ್ ಸ್ಮಿತ್ ಕೂಡಿ ಆಕಿನ್ನ ಕಾಮಿಕ್ಸಿಗೆ ತಂದ್ರು, ಅದಾದ ಮ್ಯಾಲ ಎಸ್ತೆಬಾನ್ ಮರೋತೊ ಅನ್ನೋ ಸ್ಪೇನಿನ ಕಲಾವಿದ ಆ ಕಬ್ಬಿಣದ ಚಿಲಕತ್ತಿನ ಬಿಕಿನಿ ತೊಡಿಸಿದ, ಅದೇ ಕಾಯಂ ಆಗಿಹೋತು. ನಾ ಅನ್ನೋದು ಇಷ್ಟೇ, ಆ ಡ್ರೆಸ್ ಕಂಡುಹಿಡಿದವ್ರು ಯಾರೂ ಮೇ ತಿಂಗಳದಾಗ ಕಲಬುರಗಿಗೆ ಬಂದಿಲ್ಲ. 43 ಡಿಗ್ರಿ ಬಿಸಲಾಗ ನಮ್ಮಪ್ಪನ ಸ್ಕೂಟಿ ಮ್ಯಾಲ ಕೈ ಇಟ್ರ ಬೊಬ್ಬಿ ಬರ್ತದ, ಇಕಿ ಕಬ್ಬಿಣ ಮೈಗೆ ಹಾಕ್ಕೊಂಡು ಮರುಭೂಮ್ಯಾಗ ಕುದ್ರಿ ಓಡಿಸ್ತಾಳಂತ. ಶತ್ರು ಬ್ಯಾಡ, ಬಿಸಲೇ ಸಾಕು ಆಕಿನ್ನ ಕೆಡವಲಿಕ್ಕ. ನಮ್ಮ ಕಡಿ ಹೊಲಕ್ಕ ಹೋಗೋ ಹೆಣ್ಮಕ್ಕಳು ತೊಗರಿ ಕೊಯ್ಯಾಗ ಸೀರಿ ಕಚ್ಚಿ ಹಾಕಿ, ಮ್ಯಾಲ ಗಂಡಸ್ರ ಫುಲ್ ಶರ್ಟ್ ತೊಟ್ಟು, ತಲಿಗೆ ಟವೆಲ್ ಸುತ್ಕೋತಾರಲ್ಲ, ಅದು ಡಿಸೈನ್ ಅಂದ್ರ. ಖರೇ ಕೆಲ್ಸ ಮಾಡಾಕಿ ಡ್ರೆಸ್ ಹಂಗಿರ್ತದ.

ಆದ್ರೂ ಸೋನಿಯಾನ್ನ ಬಿಡಾಂಗಿಲ್ಲ ನಾ. ಯಾಕಂದ್ರ ಒಳ್ಳೆ ಕೈ ಸಿಕ್ರ ಆಕಿ ನಿಲ್ಲೋ ರೀತಿನೇ ಬ್ಯಾರೆ. ಹೋದ್ ವರ್ಷ ಆಕೀದೇ ಒಂದು ಪ್ರಿಂಟ್ ಆನ್‌ಲೈನಿನಾಗ ತರಿಸ್ದೆ, ಹಿಮದಾಗ ಎರಡೂ ಕಾಲು ಅಗಲಿಸಿ ಊರಿ ನಿಂತಿದ್ದು, ಬೂಟು ಗೇಣುದ್ದ ಹಿಮದೊಳಗ ಹೂತದ, ಅಷ್ಟು ತೂಕ ಇತ್ತು ಆ ಚಿತ್ರಕ್ಕ. ಆರುನೂರಾ ಐವತ್ತು ರೂಪಾಯಿ. ಬಂದಿದ್ದು ಬಿಚ್ಚಿ ನೋಡಿದ್ರ ಎ3 ಸೈಜಿಗೆ ಕೂಡ್ಸಲಿಕ್ಕ ಅಂತ ಕೆಳಗಿಂದು ಕೊಯ್ದುಬಿಟ್ಟಾರ, ಮೊಣಕಾಲಿಗೇ ಖಲಾಸ್. ವಾಪಸ್ ತಗೋರಿ ಅಂದ್ರ "ಪ್ರಿಂಟ್ ಡ್ಯಾಮೇಜ್ ಆಗಿಲ್ಲ ಮೇಡಂ, ಮುಖ ಕ್ಲಿಯರ್ ಇದೆಯಲ್ಲ" ಅಂತ ಉತ್ತರ ಬಂತು. ಅಪ್ಪಗ ತೋರಿಸ್ದೆ. ಈಗ ಕಣ್ಣು ಮಂದ ಆಗ್ಯಾವ, ಹತ್ರ ಹಿಡ್ಕೊಂಡು ನೋಡಿ, ಯಾವ ಬಾಡ್ಯಾ ಕೊಯ್ದಾನಿದು ಅಂದ.

ಹೆಂಗಸ್ರ ತೂಕ ಬರ್ದಾಂವ ಅಂದ್ರ ಅಮೇರಿಕಾದ ಫ್ಯಾಂಟಸಿ ಚಿತ್ರಕಾರ ಫ್ರಾಂಕ್ ಫ್ರಾಜೆಟ್ಟಾ. ಅವ್ನ ಚಿತ್ರದಾಗೂ ಬಟ್ಟಿ ಕಡಿಮೀನೇ, ಜಗಳ ಮಾಡ್ರಿ ಬೇಕಾದ್ರ, ಆದ್ರ ಆ ಹೆಂಗಸ್ರಿಗೆ ತೊಡಿ ಅದ, ಹೊಟ್ಟಿ ಅದ, ಹಿಮ್ಮಡಿ ಒತ್ತಿ ನಿಲ್ತಾರ, ಕೆಳಗಿನ ಕಲ್ಲಿಗೆ ಭಾರ ಬಿದ್ದದ್ದು ಗೊತ್ತಾಗ್ತದ. ವಯಸ್ಸಾದ ಮ್ಯಾಲ ಲಕ್ವಾ ಹೊಡೆದು ಬಲಗೈ ಹೋತು, ಎಡಗೈಲೆ ಬರ್ಯೋದು ಕಲ್ತ. 2010ರಾಗ ತೀರ್ಕೊಂಡ. ಅವ್ನ ಈಜಿಪ್ಟಿನ ರಾಣಿ ಚಿತ್ರ 2019ರಾಗ ಹರಾಜಿನಾಗ 54 ಲಕ್ಷ ಡಾಲರಿಗೆ ಹೋತು.

ನಮ್ಮ ಬಾಜೂಮನಿ ಗೆಳತಿಗೆ ಇದ್ಯಾವ್ದೂ ಸೇರಂಗಿಲ್ಲ, ಆಕಿಗೆ ಮಿಸ್ ಮಾರ್ವೆಲ್ ಅನ್ನೋ ಸೂಪರ್‌ಹೀರೋಯಿನ್ ಕಮಲಾ ಖಾನ್ ಒಬ್ಬಾಕೇ. ಜರ್ಸಿ ಸಿಟಿಯ ಪಾಕಿಸ್ತಾನಿ ಮನಿತನದ ಹುಡುಗಿ, 2014ರಿಂದ ಆಕೀದೇ ಸ್ವಂತ ಕಾಮಿಕ್ಸ್, ಮೈ ಮುಚ್ಚೋ ಈಜಿನ ಡ್ರೆಸ್ ಹೊಲ್ದು ವೇಷ ಮಾಡ್ಕೊಂಡಾಳ, ಕೊಳ್ಳಾಗ ಕೆಂಪು ಸ್ಕಾರ್ಫ್. ಗೆಳತಿ ಅದನ್ನ ಫೋನಿನಾಗ ದೊಡ್ಡದು ಮಾಡಿ ಮಾಡಿ ನೋಡಿ "ಯೇ ತೋ ಅಪ್ನಾ ದುಪಟ್ಟಾಚ್ ಹೈ" ಅಂದ್ಳು, ಆವತ್ತಿಂದ ಡಿಪಿ ಬದಲು ಮಾಡಿಲ್ಲ.

ಇಷ್ಟೆಲ್ಲ ಅಮೇರಿಕಾದ್ದು ಹೇಳಿದ್ಳು ನಮ್ಮದೇನಿಲ್ಲೇನು ಅಂತೀರಿ. ಅದಾವ್ರಿ, ಬೇಕಾದಷ್ಟು ಅವ. ಬಿಜಾಪುರದ ಆದಿಲಶಾಹಿ ಕಾಲಕ್ಕ, 1600ರ ಆಸುಪಾಸು ಬರೆದ ಯೋಗಿನಿ ಚಿತ್ರ ಒಂದದ, ಈಗ ಡಬ್ಲಿನ್ನಿನ ಮ್ಯೂಸಿಯಮ್ಮಿನಾಗ ಇಟ್ಟಾರ. ಬಂಗಾರದ ಉಡುಪು, ಕೈಮ್ಯಾಲ ಒಂದು ಮೈನಾ ಹಕ್ಕಿ, ಬಾಜೂಕ ಆಕಿ ಎತ್ತರದ ಹೂವು, ದೂರ ಗುಡ್ಡದ ಮ್ಯಾಲ ಅರಮನಿ. ಮೈಯಾಗೆಲ್ಲ ಜುಮ್ ಅಂತದ, ಇದಕ್ಕಿಂತ ಫ್ಯಾಂಟಸಿ ಯಾವ್ದು ಬೇಕು. ಚಾಂದಬೀಬಿ ಕುದ್ರಿ ಮ್ಯಾಲ ಕುಂತು ಡೇಗಿ ಹಾರಿಸೋ ಚಿತ್ರನೂ ದಖ್ಖನಿನದ್ದೇ. ಮೊಘಲರ ಫೌಜಿಗೆ ಅಹ್ಮದನಗರದ ಕೋಟ್ಯಾಗ ನಿಂತು ತಡದಾಕಿ ಆಕಿ, ಬಿಜಾಪುರದ ಸೊಸಿ, ನಮ್ಮ ಹುಡುಗ್ರಿಗೆ ಜೆರ್ಸಿ ಮ್ಯಾಲಿನ ಹೀರೋ ಹೆಸ್ರು ಗೊತ್ತು ಇಕಿ ಹೆಸ್ರು ಗೊತ್ತಿಲ್ಲ.

ಮತ್ತ ಸನ್ನತಿ ಚಂದ್ರಲಾಂಬಾ. ನಮ್ಮ ಜಿಲ್ಲಾದ್ದೇ, ಭೀಮಾ ನದಿ ದಂಡ್ಯಾಗ. ಆಯಿ ಹೇಳ್ತಿದ್ದ ಕಥಿ, ರಾಜ ಒಬ್ಬಾಂವ ಋಷಿ ಹೆಂಡ್ತಿನ್ನ ಹೊತ್ಕೊಂಡು ಹೋದ್ನಂತ, ಋಷಿ ಹೋಗಿ ದೇವಿನ್ನ ಬೇಡ್ಕೊಂಡ್ನಂತ, ದೇವಿ ಬರ್ತೀನಿ, ನೀ ಮುಂದ ನಡಿ, ಹೊಳ್ಳಿ ಮಾತ್ರ ನೋಡಬ್ಯಾಡ ಅಂದ್ಳಂತ. ಹಿಂದ ಗೆಜ್ಜಿ ಸಪ್ಳ ಕೇಳ್ಕೋತ ಕೇಳ್ಕೋತ ಅಂವ ನಡದ, ಒಂದ್ಕಡಿ ಸಪ್ಳ ನಿಂತ್ತು, ಹೊಳ್ಳಿ ನೋಡಿಬಿಟ್ಟ. ದೇವಿ ಅಲ್ಲೇ ನಿಂತ್ಳು. ಆಮ್ಯಾಲ ದುಂಬಿ ಹಿಂಡು ಬಿಟ್ಟು ರಾಜನ್ನ ಮುಗಿಸಿದ್ಳು. ಕತ್ತಿ ಇಲ್ಲ, ತ್ರಿಶೂಲ ಇಲ್ಲ, ದುಂಬಿ. ಇಂಥ ಪವರ್ ಯಾವ ಕಾಮಿಕ್ಸ್ ಕಂಪನಿಗೆ ಸಿಕ್ಕಿದ್ರೂ ಹತ್ತು ಸಿನಿಮಾ ತಗೀತಿದ್ರು.

ಅದನ್ನೇ ಈಗ ನಾ ಟ್ಯಾಬಿನಾಗ ಬರ್ಯಾಕತ್ತೀನಿ, ನಾಕು ತಿಂಗಳಾತು. ದುಂಬಿ ಮುಗದಾವ, ಹೊಳಿ ಮುಗದದ, ಮುಖ ಒಂದೇ ರಾತ್ರ್ಯಾಗ ಬಂತು. ಗೆಜ್ಜಿ ಸಪ್ಳ ನಿಂತ ಆ ಗಳಿಗಿ ಬೇಕು ನಂಗ, ನಡ್ಯಾಕತ್ತಾಕಿ ನಿಂತಿದ್ದು, ಅದು ಕಾಲಾಗೇ ಕಾಣಬೇಕು, ಹದಿನಾರು ಸಲ ಅಳಸೀನಿ. ನಿನ್ನಿ ಅಣ್ಣನ ಮಗಳನ್ನ ಹಿಡ್ಕೊಂಡು ಬಂದು ಅಂಗಳದ ಶಹಾಬಾದ ಕಲ್ಲಿನ ಮ್ಯಾಲ ನಿಲ್ಲಿಸ್ದೆ, ನಡೀ ಅಂದೆ, ನಿಂದ್ರು ಅಂದೆ, ಫೋಟೊ ಹೊಡ್ಕೊಂಡೆ. ಸಂಜಿ ಆಗಿದ್ರೂ ಕಲ್ಲು ಇನ್ನೂ ಕಾದಿತ್ತು. ಪೋರಿ ನಿಂತ್ಳು ಖರೇ, ಆದ್ರ ಬಲಗಾಲಿನ ಹೆಬ್ಬೆಟ್ಟು ಜರಾ ಮ್ಯಾಲೆತ್ತಿ ಹಿಡ್ದಿದ್ಳು, ಸುಡ್ತದ ಅತ್ಯಾ ಜಲ್ದಿ ಹೊಡಿ ಅಂತ. ಚಿತ್ರದಾಗೂ ಆ ಬೆರಳು ಹಂಗೇ ಬಿಟ್ಟೀನಿ.