ನಿಮ್ಮ ಪ್ರೊಫೈಲರ್‌ಗೆ ಎಲ್ಲವೂ ಗೊತ್ತು, ಅದೇ ತೊಂದರೆ

ಪ್ರಿಯ ಬರಹಗಾರರೇ,

ನಿಮ್ಮ ಕಾದಂಬರಿಯನ್ನು ಪೂರ್ತಿ ಓದಿದೆ. ಈಗಿರುವ ಹಾಗೆ ಇದನ್ನು ನಾವು ಪ್ರಕಟಿಸುವುದಿಲ್ಲ. ಕೊನೆಯ ಪ್ಯಾರಾ ತನಕ ನಿಮ್ಮನ್ನು ಕಾಯಿಸುವುದು ಬೇಡ ಅಂತ ಮೊದಲೇ ಹೇಳಿಬಿಟ್ಟೆ. ಆದರೆ ಸುಮ್ನೆ ವಾಪಸ್ ಕಳಿಸಿ ಕೈತೊಳೆದುಕೊಳ್ಳುವಂಥ ಬರವಣಿಗೆಯೂ ಇದಲ್ಲ. ಅದಕ್ಕೇ ಇಷ್ಟುದ್ದದ ಪತ್ರ. ಇಂಥ ಹಸ್ತಪ್ರತಿಗಳು ಈಚೆಗೆ ನಮಗೆ ಜಾಸ್ತಿ ಬರುತ್ತಿವೆ. ನೀವು ಒಪ್ಪಿದ್ದರಿಂದ, ನಿಮ್ಮ ಹೆಸರು ಬಿಟ್ಟು, ಬೇರೆಯವರೂ ಓದಲಿ ಅಂತ ಇಲ್ಲಿ ಹಾಕುತ್ತಿದ್ದೇನೆ.

ಅವರಿಗಾಗಿ ಕಥೆ ಚುಟುಕಾಗಿ ಹೇಳುತ್ತೇನೆ. 2025ರ ಮಳೆಗಾಲ, ತೀರ್ಥಹಳ್ಳಿ ಸುತ್ತಮುತ್ತ ಐದು ಹೆಂಗಸರ ಕೊಲೆ. ಪ್ರತಿ ಹೆಣದ ಮುಖದ ಮೇಲೂ ಅಡಿಕೆ ಹಾಳೆ. ಸ್ಥಳೀಯ ಪೊಲೀಸರಿಗೆ ತಲೆಬುಡ ಗೊತ್ತಾಗುವುದಿಲ್ಲ. ಅಮೆರಿಕದಲ್ಲಿ ಕಲಿತು ಬಂದ ಪ್ರೊಫೈಲರ್ ಒಬ್ಬಳು, ಅಂದರೆ ಅಪರಾಧದ ರೀತಿ ನೋಡಿ ಮಾಡಿದವನು ಎಂಥವನು ಅಂತ ಊಹಿಸುವವಳು, ಬೆಂಗಳೂರಿನಿಂದ ಕಾರಿನಲ್ಲಿ ಬರುತ್ತಾಳೆ. ಎರಡನೇ ಹೆಣ ನೋಡಿದವಳೇ ಹೇಳುತ್ತಾಳೆ: ವಯಸ್ಸು ಮೂವತ್ತೈದು, ಎಡಚ, ಒಂಟಿ, ತಾಯಿಯನ್ನು ಕಂಡರೆ ಆಗದವನು. ಇನ್ನೂರು ಪುಟ ಕಳೆದ ಮೇಲೆ ಸಿಕ್ಕವನು ತದ್ವತ್ ಹಾಗೇ ಇರುತ್ತಾನೆ. ಆಗುಂಬೆಯಲ್ಲಿ ಸೂರ್ಯ ಮುಳುಗುವ ಹೊತ್ತಿಗೆ ಎಲ್ಲವನ್ನೂ ಒಪ್ಪಿಕೊಳ್ಳುತ್ತಾನೆ.

ನಮ್ಮಲ್ಲಿಗೆ ಬರುವ ಥ್ರಿಲ್ಲರ್‌ಗಳನ್ನು ಮೊದಲು ಮೂವರು ಓದುತ್ತಾರೆ. ಒಬ್ಬರು ರಿಟೈರ್ಡ್ ಹೆಡ್ ಕಾನ್ಸ್‌ಟೇಬಲ್. ಒಬ್ಬರು ದುರ್ಗಿಗುಡಿಯ ಗೃಹಿಣಿ, ಪತ್ತೇದಾರಿ ಪುಸ್ತಕ ಕಂಡರೆ ಬಿಡುವವರಲ್ಲ. ಇನ್ನೊಬ್ಬಳು ಮನಃಶಾಸ್ತ್ರ ಓದುತ್ತಿರುವ ಹುಡುಗಿ. ಮೂವರಿಗೂ ಕೊಲೆಗಾರನ ತಲೆಯೊಳಗೆ ಇಳಿಯುವ ಕಥೆಗಳೆಂದರೆ ಇಷ್ಟ. ಹಾಗಾಗಿ ಈ ಜಾತಿಯ ಪುಸ್ತಕವೇ ಬೇಡ ಅನ್ನುವವರ ಟೀಕೆ ಇದಲ್ಲ. ಗೃಹಿಣಿ ಮೊದಲ ಅರವತ್ತು ಪುಟಗಳನ್ನು ಒಂದೇ ಉಸಿರಿಗೆ ಓದಿದರಂತೆ. ಆಮೇಲೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದರು: ‘ಅವಳು ಮೊದಲೇ ಹೇಳಿದ್ದು ಕೊನೆಗೆ ಹಾಗೇ ಆಗೋದಾದ್ರೆ, ನಡುವಿನ ಇನ್ನೂರು ಪುಟ ನಾನ್ಯಾಕೆ ಓದ್ಬೇಕು?’

ಈ ಪ್ರಶ್ನೆಗೆ ಉತ್ತರ ಸಿಕ್ಕರೆ ಕಾದಂಬರಿ ಅರ್ಧ ರಿಪೇರಿ ಆದ ಹಾಗೆ. ನಿಮ್ಮ ನಾಯಕಿ ಕವಡೆ ಹಾಕಿ ಹೇಳುವ ಜೋಯಿಸರ ಹಾಗೆ ಆಗಿಬಿಟ್ಟಿದ್ದಾಳೆ. ಹೇಳಿದ್ದೆಲ್ಲ ನಿಜ. ಅವಳಿಗೆ ಅನುಮಾನವೇ ಇಲ್ಲ, ಹಾಗಾಗಿ ನಮಗೆ ಭಯವೂ ಇಲ್ಲ.

ನ್ಯೂಯಾರ್ಕಿನ ‘ಮ್ಯಾಡ್ ಬಾಂಬರ್’ ಕೇಸೇ ನಿಮಗೆ ಸ್ಫೂರ್ತಿ ಅಂತ ಬರೆದಿದ್ದೀರಿ. ಒಳ್ಳೆಯದೇ. ಆದರೆ ಅದರಲ್ಲಿ ಅರ್ಧ ಮಾತ್ರ ತೆಗೆದುಕೊಂಡಿದ್ದೀರಿ. ಅವನು 1940ರಿಂದ 1956ರ ನಡುವೆ ಆ ಊರಿನ ಥಿಯೇಟರು, ರೈಲು ನಿಲ್ದಾಣ, ಲೈಬ್ರರಿ ಅಂತ 30ಕ್ಕೂ ಹೆಚ್ಚು ಬಾಂಬ್ ಇಟ್ಟಿದ್ದ. ಪೊಲೀಸರು 1956ರಲ್ಲಿ ಜೇಮ್ಸ್ ಬ್ರಸೆಲ್ ಎಂಬ ಮನೋವೈದ್ಯರ ಹತ್ತಿರ ಹೋದರು. ಅವರು ಬಾಂಬರ್ ಬರೆದಿದ್ದ ಪತ್ರಗಳನ್ನೆಲ್ಲ ನೋಡಿ, ಇವನು ಸಿಕ್ಕಾಗ ಡಬಲ್ ಬ್ರೆಸ್ಟೆಡ್ ಕೋಟು ಹಾಕಿ ಗುಂಡಿ ಹಾಕಿಕೊಂಡಿರುತ್ತಾನೆ ಅಂದರಂತೆ. 1957ರ ಜನವರಿಯಲ್ಲಿ ಆ ಬಾಂಬರ್, ಜಾರ್ಜ್ ಮೆಟೆಸ್ಕಿ, ಸಿಕ್ಕಿದ್ದು ಪೈಜಾಮದಲ್ಲಿ. ಬಟ್ಟೆ ಬದಲಿಸಿ ಬಾ ಅಂದಾಗ ಅಂಥದೇ ಕೋಟು ಹಾಕಿಕೊಂಡು ಬಂದ. ಎಲ್ಲರೂ ಬಾಯಿ ಚಪ್ಪರಿಸುತ್ತ ಹೇಳುವುದು ಈ ಕೋಟಿನ ಕಥೆಯನ್ನೇ.

ಅವನ ಮನೆ ಬಾಗಿಲಿನ ತನಕ ದಾರಿ ತೋರಿಸಿದವರು ಬೇರೆ. ಅವನು ಮೊದಲು ಕೆಲಸದಲ್ಲಿದ್ದ ವಿದ್ಯುತ್ ಕಂಪನಿಯ ಗುಮಾಸ್ತೆ ಆಲಿಸ್ ಕೆಲ್ಲಿ. ಕೆಲಸದಲ್ಲಿ ಪೆಟ್ಟಾಗಿ ಪರಿಹಾರಕ್ಕೆ ಜಗಳವಾಡಿದ್ದ ಹಳೇ ನೌಕರರ ಫೈಲುಗಳನ್ನು ಆಕೆ ಒಂದೊಂದಾಗಿ ತೆಗೆದು ನೋಡುತ್ತಿದ್ದರು. ಬಾಂಬರ್‌ನ ಪತ್ರಗಳಲ್ಲಿದ್ದ ಮಾತಿನ ಧಾಟಿಯೇ ಮೆಟೆಸ್ಕಿಯ ಹಳೇ ಪತ್ರಗಳಲ್ಲೂ ಕಂಡಿತು. ಈಗ ಹೇಳಿ, ನಿಮ್ಮ ಕಾದಂಬರಿಯ ಆಲಿಸ್ ಕೆಲ್ಲಿ ಯಾರು? ನಮ್ಮ ಠಾಣೆಗಳಲ್ಲಿ ಸ್ಟೇಷನ್ ರೈಟರ್ ಅಂತ ಒಬ್ಬರು ಇರುತ್ತಾರೆ. ಯಾವ ದೂರು ಯಾವ ಫೈಲಿನಲ್ಲಿದೆ ಅಂತ ಬಾಯಲ್ಲೇ ಹೇಳುವವರು. ನಿಮ್ಮ 260 ಪುಟಗಳಲ್ಲಿ ಆ ಮನುಷ್ಯ ಬರುವುದು ಎರಡು ಸಲ. ಎರಡು ಸಲವೂ ನಾಯಕಿಗೆ ಟೀ ತಂದುಕೊಡಲಿಕ್ಕೆ!

ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ 1972ರಲ್ಲಿ ಕ್ವಾಂಟಿಕೊದಲ್ಲಿ ಅಪರಾಧಿಗಳ ನಡವಳಿಕೆ ಅಧ್ಯಯನಕ್ಕೆ ಅಂತ ಒಂದು ಘಟಕ ಶುರು ಮಾಡಿತು. ಅಲ್ಲಿನವರು ಮುಂದೆ ಜೈಲುಗಳಿಗೆ ಹೋಗಿ 36 ಅಪರಾಧಿಗಳನ್ನು ಕೂರಿಸಿ ಮಾತನಾಡಿಸಿದರು. ದೊಡ್ಡ ಕೆಲಸವೇ. ಆದರೂ ಅಲ್ಲಿಂದ ಹೊರಬಂದ ಪ್ರೊಫೈಲಿಂಗ್ ವಿದ್ಯೆ ಹುಡುಕುವ ಜಾಗವನ್ನು ಸ್ವಲ್ಪ ಕಿರಿದು ಮಾಡಿಕೊಡಬಹುದು, ವಿಳಾಸ ಬರೆದುಕೊಡುವುದಿಲ್ಲ. ಕೆಲವೊಮ್ಮೆ ದಾರಿಯನ್ನೂ ತಪ್ಪಿಸುತ್ತದೆ. 2002ರ ಅಕ್ಟೋಬರಿನಲ್ಲಿ ವಾಷಿಂಗ್ಟನ್ ಸುತ್ತಮುತ್ತ ದೂರದಿಂದ ಗುಂಡು ಹಾರಿಸಿ 10 ಜನರನ್ನು ಕೊಂದಾಗ, ಟೀವಿಯಲ್ಲಿ ಕೂತ ಪರಿಣತರು ಒಬ್ಬಂಟಿ ಬಿಳಿಯನಿರಬೇಕು ಅಂದರು. ಪೊಲೀಸರು ಬಿಳಿ ವ್ಯಾನ್ ಹುಡುಕಿದರು. ಸಿಕ್ಕವರು ಇಬ್ಬರು, ಕಪ್ಪು ಜನಾಂಗದವರು, ಅದರಲ್ಲಿ ಒಬ್ಬ 17 ವರ್ಷದ ಹುಡುಗ. ಅವರಿದ್ದದ್ದು ನೀಲಿ ಕಾರಿನಲ್ಲಿ.

ನಮ್ಮ ಘಟ್ಟದ ಕೆಳಗಿನ ಸಯನೈಡ್ ಮೋಹನನನ್ನೇ ತೆಗೆದುಕೊಳ್ಳಿ. ಪ್ರೈಮರಿ ಸ್ಕೂಲಿನ ಮೇಷ್ಟ್ರಾಗಿದ್ದವನು. ಹೆಂಡತಿ, ಮಕ್ಕಳು ಎಲ್ಲ ಇದ್ದರು. ಮದುವೆಯಾಗುತ್ತೇನೆ ಅಂತ ನಂಬಿಸಿ, ದೂರದ ಊರಿಗೆ ಕರೆದುಕೊಂಡು ಹೋಗಿ, ಗರ್ಭ ನಿಲ್ಲದಿರುವ ಮಾತ್ರೆ ಅಂತ ಸಯನೈಡ್ ಕೊಡುತ್ತಿದ್ದ. ಹೆಣ ಸಿಗುತ್ತಿದ್ದದ್ದು ಬಸ್ ಸ್ಟ್ಯಾಂಡಿನ ಶೌಚಾಲಯದಲ್ಲಿ. ಒಂದು ಮಡಿಕೇರಿಯಲ್ಲಿ, ಒಂದು ಹಾಸನದಲ್ಲಿ, ಇನ್ನೊಂದು ಮೈಸೂರಿನಲ್ಲಿ. ಎಲ್ಲವೂ ಬಿಡಿ ಬಿಡಿ ಸಾವು, ಬೇರೆ ಬೇರೆ ಠಾಣೆಯ ಕಾಗದ. 2009ರಲ್ಲಿ ಕಾಣೆಯಾದ ಒಬ್ಬ ಯುವತಿಯ ಫೋನ್ ಕರೆಗಳ ಬೆನ್ನು ಹತ್ತಿದ ಪೊಲೀಸರಿಗೆ ಅವನು ಸಿಕ್ಕ. ಆಮೇಲೆ 20 ಹೆಣ್ಣುಮಕ್ಕಳ ಲೆಕ್ಕ ಹೊರಬಿತ್ತು. ಮೊದಲ ಕೇಸುಗಳಲ್ಲಿ ಶಿಕ್ಷೆಯಾಗಿದ್ದು 2013ರಲ್ಲಿ. ನಿಮ್ಮ ನಾಯಕಿ ಅವನನ್ನು ಎದುರಿಗೆ ಕೂರಿಸಿಕೊಂಡು ಕಾಫಿ ಕುಡಿದಿದ್ದರೂ ‘ಒಂಟಿ’ ಪಟ್ಟಿಯಲ್ಲಿ ಇಲ್ಲ ಅಂತ ಬಿಟ್ಟು ಕಳಿಸುತ್ತಿದ್ದಳು, ಅಲ್ವಾ?

ಅದನ್ನೇ ಬರೆಯಿರಿ. ಅವಳ ಪಟ್ಟಿ ಒಂದು ಕಡೆ ಸರಿ, ಒಂದು ಕಡೆ ತಪ್ಪಾಗಲಿ. ಆ ತಪ್ಪಿನಿಂದ ಯಾರೋ ಎಡಚ ಹುಡುಗ, ತಾಯಿ ಜತೆ ಜಗಳವಾಡಿ ಬೇರೆ ಇದ್ದವನು, ಠಾಣೆಯಲ್ಲಿ ನಾಲ್ಕು ದಿನ ಕೂರಲಿ. ಅವನ ಮನೆಯವರು ಊರಲ್ಲಿ ಹೇಗೆ ತಲೆ ಎತ್ತಿ ಓಡಾಡುತ್ತಾರೆ? ಮುಂದಿನ ಕೊಲೆ ಆಗುವುದು ಅವನು ಒಳಗಿದ್ದಾಗಲೇ. ಆಗ ನಿಮ್ಮ ನಾಯಕಿ ರಾತ್ರಿ ಹೇಗೆ ಮಲಗುತ್ತಾಳೆ ಅಂತ ತಿಳಿಯಲಿಕ್ಕೆ ನಾನಂತೂ ಪುಟ ತಿರುಗಿಸುತ್ತೇನೆ.

ಮನಃಶಾಸ್ತ್ರದ ಹುಡುಗಿಯ ತಕರಾರು ಚಿಕ್ಕದು. ‘ಕೊಲೆಗಾರರ ತಾಯಂದಿರನ್ನು ಇನ್ನಾದರೂ ಬಿಟ್ಟುಬಿಡಿ ಸಾರ್’ ಅಂತ ಅಂಚಿನಲ್ಲಿ ಬರೆದಿದ್ದಾಳೆ. ಕೊಲೆಗಾರನ ಸ್ವಗತದ ಆರೂ ಅಧ್ಯಾಯ ತೆಗೆದರೆ ಏನೂ ಕೆಡುವುದಿಲ್ಲ ಅಂತಲೂ ಇದೆ. ನನಗೂ ಹಾಗೇ ಅನ್ನಿಸಿತು. ತೆಗೆಯಿರಿ.

ಇನ್ನು ನಮ್ಮ ಹೆಡ್ ಕಾನ್ಸ್‌ಟೇಬಲ್. ಅವರು ಪೆನ್ಸಿಲ್ ಹಿಡಿದೇ ಓದಿದ್ದಾರೆ. ನಮ್ಮ ಜಿಲ್ಲಾ ಪೊಲೀಸರಲ್ಲಿ ಪ್ರೊಫೈಲರ್ ಅಂತ ಹುದ್ದೆಯೇ ಇಲ್ಲ, ಅವಳನ್ನು ಯಾರು, ಯಾವ ಆರ್ಡರ್ ಮೇಲೆ ಕರೆಸಿದರು ಅಂತ ಕೇಳಿದ್ದಾರೆ. ನಾರ್ಕೋ (ಮಂಪರು ಪರೀಕ್ಷೆ) ಮಾಡಿಸುತ್ತೇನೆ ಅಂತ ಎಸ್‌ಪಿ ಹೆದರಿಸುವ ದೃಶ್ಯದ ಪಕ್ಕ ದೊಡ್ಡ ಅಡ್ಡಗೆರೆ. ಒಪ್ಪಿಗೆ ಇಲ್ಲದೆ ಆ ಪರೀಕ್ಷೆ ಮಾಡುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಆ ಕೇಸಿನ ಹೆಸರೇ ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’. ನಮ್ಮ ರಾಜ್ಯದ ಎಸ್‌ಪಿಗೇ ಅದು ಗೊತ್ತಿಲ್ಲ ಅಂದರೆ ಹೇಗೆ? ಇನ್ನು ಆ ತಪ್ಪೊಪ್ಪಿಗೆ. ಪೊಲೀಸರ ವಶದಲ್ಲಿದ್ದಾಗ, ಮ್ಯಾಜಿಸ್ಟ್ರೇಟ್ ಎದುರಿಗಿಲ್ಲದೆ ಹೇಳಿದ ಮಾತು ಕೋರ್ಟಿನಲ್ಲಿ ನಿಲ್ಲುವುದಿಲ್ಲ. 2024ರ ಜುಲೈ 1ರಿಂದ ಕಾಯ್ದೆಗಳ ಹೆಸರು ಬದಲಾಗಿವೆ, ಈ ನಿಯಮ ಹಾಗೇ ಉಳಿದಿದೆ. ಅವನು ಹೇಳಿದ್ದರಿಂದ ಏನಾದರೂ ವಸ್ತು ಸಿಕ್ಕರೆ ಅಷ್ಟರ ಮಟ್ಟಿಗೆ ಬೆಲೆ. ಅಂದರೆ ಗೊಬ್ಬರ ಗುಂಡಿಯಿಂದ ಕತ್ತಿ ತೆಗೆಸಬೇಕು, ಸಾಕ್ಷಿಗೆ ಕರೆದ ಪಂಚರು ನಿಂತು ನೋಡಬೇಕು, ಸಹಿ ಹಾಕಬೇಕು. ನಿಮ್ಮ ಕ್ಲೈಮ್ಯಾಕ್ಸ್ ಇರುವುದು ಆ ಗುಂಡಿಯ ಹತ್ತಿರ.

ಆಗುಂಬೆಯ ಪುಟದಲ್ಲಿ ಅವರು ಬರೆದದ್ದನ್ನು ಹಾಗೇ ಕೊಡುತ್ತೇನೆ: ‘ಜುಲೈ ತಿಂಗಳಲ್ಲಿ ಆಗುಂಬೆಯಲ್ಲಿ ಸೂರ್ಯ ಮುಳುಗೋದು ತೋರಿಸಿದವರಿಗೆ ನನ್ನ ಪೆನ್ಷನ್ ಕೊಡ್ತೀನಿ.’ ವರ್ಷಕ್ಕೆ 7,000 ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಊರು. ಆ ತಿಂಗಳಲ್ಲಿ ಎದುರಿಗಿನ ಬಸ್ಸೇ ಕಾಣುವುದಿಲ್ಲ.

ಇದು ನನಗೆ ಬರೇ ತಮಾಷೆಯಾಗಿ ಕಾಣಲಿಲ್ಲ. ಮನೆಯಲ್ಲಿ ತೋಟ ಇದೆ ಅಂತ ನೀವೇ ಬರೆದಿದ್ದೀರಿ. ಹಾಗಿದ್ದೂ ಜುಲೈಯಲ್ಲಿ ಅಂಗಳದ ತುಂಬ ಹೆಂಗಸರನ್ನು ಕೂರಿಸಿ ಹಸಿ ಅಡಿಕೆ ಸುಲಿಸಿದ್ದೀರಲ್ಲ? ಆ ತಿಂಗಳಲ್ಲಿ ನಿಮ್ಮ ಮನೆಯಲ್ಲಿ ಎಲ್ಲರಿಗೂ ಇರುವುದು ಕೊಳೆ ರೋಗದ ಚಿಂತೆ. ಮಳೆ ಹೊಳವಾದರೆ ಇನ್ನೊಂದು ಸಲ ಬೋರ್ಡೋ ದ್ರಾವಣ ಹೊಡೆಯಬೇಕು, ಮರ ಜಾರುತ್ತದೆ, ಮರ ಹತ್ತುವ ಕೊನೆಗಾರ ಸಿಗುವುದಿಲ್ಲ. ಬಸಿಗಾಲುವೆ ಉಕ್ಕಿ ಹರಿಯುವ ತೋಟದಲ್ಲಿ ಮೂರು ದಿನದ ಹಿಂದಿನ ಶೂ ಗುರುತು ಅಚ್ಚೊತ್ತಿದ ಹಾಗೆ ಉಳಿದಿತ್ತು ಅಂದರೆ ನಂಬಲು ನಮ್ಮ ಕಡೆ ಯಾರೂ ಸಿಗುವುದಿಲ್ಲ. ಪರದೆಯ ಮೇಲೆ ನೋಡಿದ ಯಾವುದೋ ಒಣ ಊರಿನ ಕೊಲೆಯನ್ನು ತಂದು ಇಲ್ಲಿ ಇಟ್ಟಿದ್ದೀರಿ. ನಮ್ಮ ಮಳೆ ಸಾಕ್ಷ್ಯವನ್ನೆಲ್ಲ ತೊಳೆದುಕೊಂಡು ಹೋಗುತ್ತದೆ. ಅದೇ ನಿಮ್ಮ ಕಥೆಗೆ ದೊಡ್ಡ ಬಲ. ಲ್ಯಾಬಿಗೆ ಕಳಿಸಲಿಕ್ಕೆ ಏನೂ ಉಳಿಯದಿದ್ದರೆ, ಪೊಲೀಸರು ಜನರ ಬಾಯನ್ನೇ ನೆಚ್ಚಬೇಕು. ಯಾರ ಮನೆ ದಣಪೆ ದಾಟಿ ಯಾರ ಬೈಕು ಒಳಗೆ ಹೋಯಿತು ಅಂತ ನಮ್ಮೂರುಗಳಲ್ಲಿ ಗೊತ್ತಿಲ್ಲದವರು ಯಾರು? ಗೊತ್ತಿದ್ದೂ ಯಾಕೆ ಹೇಳುವುದಿಲ್ಲ ಅನ್ನುವುದರಲ್ಲೇ ಒಂದು ಕಾದಂಬರಿ ಇದೆ.

ನಿಮಗೆ ಅದು ಬರೆಯಲಿಕ್ಕೆ ಬರುತ್ತದೆ ಅಂತ ನನಗೆ ಗೊತ್ತಾಗಿದ್ದು ಒಂಬತ್ತನೇ ಅಧ್ಯಾಯದಲ್ಲಿ. ಮೂರನೇ ಹೆಣದ ಹತ್ತಿರ ಎಎಸ್ಐ ಮಹಜರು ಬರೆಯುತ್ತಿದ್ದಾರೆ. ಪಕ್ಕದ ತೋಟದವನು ಪಂಚ. ಅವನೇ ಕೊಡೆ ಹಿಡಿದಿದ್ದಾನೆ, ಆದರೆ ಕೊಡೆ ಇರುವುದು ಕಾಗದದ ಮೇಲೆ, ಅವನ ಬೆನ್ನೆಲ್ಲ ನೆನೆಯುತ್ತಿದೆ. ಕಾಲಿಗೆ ಹತ್ತಿದ ಇಂಬಳ ಕೀಳಬೇಕು, ಬಗ್ಗಿದರೆ ಕೊಡೆ ವಾಲುತ್ತದೆ. ಹಾಲು ಕರೆಯುವ ಹೊತ್ತಾಯಿತು ಅಂತ ಒಳಗೊಳಗೇ ಚಡಪಡಿಕೆ. ಸತ್ತವಳು ಅವನಿಗೆ ಗೊತ್ತು, ಅವಳ ಮಗಳಿಗೆ ಇವನೇ ಸ್ಕೂಲ್ ಫೀಸು ಸಾಲ ಕೊಟ್ಟಿದ್ದ. ಅದನ್ನು ಈಗ ಹೇಳಿದರೆ ತನ್ನ ಮೇಲೇ ಬರುತ್ತದೋ ಏನೋ ಅಂತ ಸುಮ್ಮನೆ ಸಹಿ ಹಾಕುತ್ತಾನೆ. ಒಂದೂವರೆ ಪುಟ. ಒಂದು ಮಾತು ಹೆಚ್ಚಿಲ್ಲ. ಮೂವರು ಓದುಗರೂ ಈ ಪುಟಕ್ಕೆ ಗುರುತು ಹಾಕಿದ್ದಾರೆ. ಅವನು ಮತ್ತೆ ಕಾದಂಬರಿಯಲ್ಲಿ ಎಲ್ಲೂ ಬರುವುದಿಲ್ಲ! ಗೃಹಿಣಿಗೆ ಆ ಸಿಟ್ಟು ಇನ್ನೂ ಇಳಿದಿಲ್ಲ.

ಆ ಅಧ್ಯಾಯ ಬಿಟ್ಟರೆ ಸತ್ತವರು ಯಾರು ಅಂತಲೇ ನಮಗೆ ಗೊತ್ತಾಗುವುದಿಲ್ಲ. ಒಂದನೇ ಹೆಣ, ಎರಡನೇ ಹೆಣ ಅಂತ ಲೆಕ್ಕ ಮಾತ್ರ. ಕೊಲೆಗಾರನ ಬಾಲ್ಯಕ್ಕೆ ನಲವತ್ತು ಪುಟ ಕೊಟ್ಟಿದ್ದೀರಿ. ಐದು ಹೆಂಗಸರ ಪಾಲಿಗೆ ಎಲ್ಲ ಸೇರಿ ನಾಲ್ಕು ಪುಟ ಬಂದಿಲ್ಲ. ಐದು ಕೊಲೆ ಜಾಸ್ತಿಯಾಯಿತು, ಮೂರು ಸಾಕು. ಉಳಿದ ಮೂವರಿಗೂ ಮನೆ ಕೊಡಿ, ಸಾಲ ಕೊಡಿ, ಬೈಯುವ ಅತ್ತೆ ಕೊಡಿ, ಸಂಘದ ಕಂತು ಕೊಡಿ.

ತಿದ್ದಿದ ಪ್ರತಿ ಪೂರ್ತಿ ಕಳಿಸಬೇಡಿ. ಮಹಜರಿನ ಆ ಪಂಚನಿಂದ ಶುರು ಮಾಡಿ ನಲವತ್ತು ಪುಟ ಬರೆದು ಕಳಿಸಿ. ನಿಮ್ಮ ಪ್ರೊಫೈಲರ್ ಮೂವತ್ತನೇ ಪುಟಕ್ಕೆ ಬಂದರೂ ಸಾಕು. ಅವಳು ಮೊದಲು ಮಾತನಾಡಿಸುವುದು ಸ್ಟೇಷನ್ ರೈಟರ್ ಅವರನ್ನಾಗಲಿ. ಕೊಯ್ಲು ಮುಗಿದ ಮೇಲೆ ಕಳಿಸಿದರೂ ಆಯಿತು, ನಮಗೇನೂ ಅವಸರವಿಲ್ಲ. ಅಷ್ಟರಲ್ಲಿ ಬೇರೆ ಪ್ರಕಾಶಕರು ಈಗಿರುವ ಪ್ರತಿಯನ್ನೇ ಒಪ್ಪಿದರೆ ಧಾರಾಳವಾಗಿ ಕೊಡಿ. ಯಾರಿಗೆ ಕೊಟ್ಟರೂ ಶೀರ್ಷಿಕೆಯಲ್ಲಿರುವ ‘ರಕ್ತ’ವನ್ನು ಮಾತ್ರ ಮೊದಲು ತೆಗೆದುಹಾಕಿ. ಈ ವರ್ಷ ನಮ್ಮ ಮೇಜಿಗೆ ಬಂದ ಥ್ರಿಲ್ಲರ್‌ಗಳಲ್ಲಿ ಅದಿಲ್ಲದ ಹೆಸರು ಹುಡುಕುವುದೇ ಕಷ್ಟವಾಗಿದೆ.

ಇಂತಿ,
ಸಂಪಾದಕ
ಶಿವಮೊಗ್ಗ